ಉಗ್ರಾಣದ ಬಾಗಿಲಲ್ಲಿ

ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಒಬ್ಬ ಹಿರಿಯಾಕೆ ಕೂತಿರುತ್ತಾಳಲ್ಲ, ಕೇಳಿದವರಿಗೆ ಕೇಳಿದ್ದನ್ನು ಅಲ್ಲೇ ತೆಗೆದುಕೊಟ್ಟು ಅಡುಗೆಯವರ ತನಕ ಯಾರೂ ಹೋಗದಂತೆ ನೋಡಿಕೊಳ್ಳುವಾಕೆ, ಕಂಪ್ಯೂಟರುಗಳ ಲೋಕದಲ್ಲೂ ಅಂಥವಳೊಬ್ಬಳಿದ್ದಾಳೆ. ರಿವರ್ಸ್ ಪ್ರಾಕ್ಸಿ ಎಂದು ಹೆಸರು. ನಾವು ಪತ್ರಿಕೆಯ ಒಂದು ಪುಟ ಕೇಳಿದರೆ, ತುಸು ಮೊದಲು ಇನ್ಯಾರಿಗೋ ಒಳಗಿನ ಯಂತ್ರ ಮಾಡಿಕೊಟ್ಟ ಪುಟದ ಪ್ರತಿಯನ್ನು ಈಕೆ ಬಾಗಿಲಲ್ಲೇ ಕೊಟ್ಟು ಕಳಿಸುತ್ತಾಳೆ. ನಾರ್ವೆಯ ವಿ.ಜಿ. ಪತ್ರಿಕೆಗಾಗಿ ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಬರೆದು, 2006ರಲ್ಲಿ ಹೊರಬಂದ ವಾರ್ನಿಷ್ ಈ ಕೆಲಸದ್ದೇ. ಬೇರೇನೂ ಹೇಳದಿದ್ದರೆ ಅದು ಒಂದು ಪ್ರತಿಯನ್ನು 120 ಸೆಕೆಂಡು ಇಟ್ಟುಕೊಳ್ಳುತ್ತದೆ. ನೆನ್ನೆಯ ಹುಳಿಯೇ ರುಚಿ ಎನ್ನುವ ನಮಗೆ ಇದು ವಿಚಿತ್ರವೇ.

ಈ ಬಾಗಿಲಿನಾಕೆ ನಿಧಾನಿಸಿದರೆ ಕಾರಣ ಹುಡುಕುವುದು ನನ್ನ ಅಕ್ಕನ ಮಗಳ ಉದ್ಯೋಗ. "ಎಷ್ಟು ಜನಕ್ಕೆ ಬಾಗಿಲಲ್ಲೇ ಸಿಕ್ಕಿತು, ಎಷ್ಟು ಜನಕ್ಕಾಗಿ ಒಳಗೆ ಓಡಬೇಕಾಯ್ತು, ಮೊದಲು ಅದನ್ನ ಎಣಿಸ್ತೀವಿ ಚಿಕ್ಕಮ್ಮ. ಎಷ್ಟೋ ಸಲ ಅವಳಿಗೆ ಶಕ್ತಿ ಇರತ್ತೆ, ಆದ್ರೆ ಒಬ್ಬೊಬ್ಬರಿಗೂ ಒಳಗೇ ಹೋಗ್ತಿರ್ತಾಳೆ" ಎನ್ನುತ್ತಾಳೆ.

ಯಾಕೆಂದರೆ ಬಂದವರ ಕೈಯಲ್ಲೊಂದು ಚೀಟಿ. ಅದಕ್ಕೆ ಕುಕ್ಕಿ ಎನ್ನುತ್ತಾರೆ. ಚೀಟಿ ಕಂಡೊಡನೆ, ಇವರು ಕೇಳುವುದು ಇವರ ಸ್ವಂತದ್ದಿರಬಹುದು, ಬೇರೆಯವರದು ಕೊಟ್ಟರೆ ಕಷ್ಟ ಎಂದು ಆಕೆ ಒಳಗೆ ಹೋಗುತ್ತಾಳೆ. ಬಹುಪಾಲು ಚೀಟಿಗಳು ಬಂದವರ ಲೆಕ್ಕಕ್ಕಷ್ಟೇ. ಅವನ್ನು ನೋಡಬೇಡವೆಂದು ಹೇಳಿಕೊಟ್ಟರೆ ಸಾಕು. ಯಾವ ಚೀಟಿಯನ್ನೂ ನೋಡಬೇಡ ಎಂದುಬಿಟ್ಟರೆ? ಮರುಕ್ಷಣವೇ ಎಲ್ಲವೂ ಸರಸರ. ಮೇಲಿನವರು ಬೆನ್ನು ತಟ್ಟುತ್ತಾರೆ.

2015ರ ಕ್ರಿಸ್‌ಮಸ್ ದಿನ ಸ್ಟೀಮ್ ಎಂಬ ಆಟಗಳ ಅಂಗಡಿಯ ಮೇಲೆ ದಾಳಿಯಾಗಿ ಬೇಡಿಕೆ ನುಗ್ಗಿದಾಗ, ತರಾತುರಿಯಲ್ಲಿ ಹಾಕಿದ ನಿಯಮದಲ್ಲಿ ತಪ್ಪಿತ್ತು. ಸುಮಾರು ಒಂದೂವರೆ ಗಂಟೆ ಒಬ್ಬರ ಪುಟ ಇನ್ನೊಬ್ಬರಿಗೆ ಹೋಯಿತು. 34,000 ಜನರ ಪುಟಗಳು ಹೀಗೆ ಹೋಗಿರಬಹುದೆಂದು ಸಂಸ್ಥೆಯೇ ಹೇಳಿತು. ಕೆಲವದರಲ್ಲಿ ಬಿಲ್ಲಿನ ವಿಳಾಸವಿತ್ತು, ಕೊಂಡದ್ದರ ಪಟ್ಟಿಯಿತ್ತು.

ವಿಳಾಸ ತಾನೇ, ಅದರಲ್ಲೇನು ಎನ್ನಬಹುದು. ಹೊಡೆಯುವ ಗಂಡನ ಮನೆ ಬಿಟ್ಟು ಇನ್ನೊಂದೂರಿನಲ್ಲಿ ಬಾಡಿಗೆಗೆ ಇರುವವಳನ್ನು ಕೇಳಿ ನೋಡಿ.

ಕಾಯುವುದೂ ನಷ್ಟವೇ, ಒಪ್ಪುತ್ತೇನೆ. ಮಗನ ಫಲಿತಾಂಶದ ಪುಟ ತೆರೆಯದೆ ಅರ್ಧ ದಿನ ಒದ್ದಾಡಿದ ತಾಯಿಗೆ ಈ ಎಚ್ಚರಿಕೆಯ ಮಾತು ರುಚಿಸುವುದಿಲ್ಲ. ಆದರೆ ಕಾದವಳಿಗೆ ತಾನು ಕಾದದ್ದು ಗೊತ್ತು. ಗೊಣಗಬಹುದು, ಬಿಟ್ಟು ಹೋಗಬಹುದು. ತನ್ನ ಪುಟ ಯಾರ ಕೈಸೇರಿತೆಂದು ಇನ್ನೊಬ್ಬಳಿಗೆ ತಿಳಿಯುವುದೂ ಇಲ್ಲ. ಎಲ್ಲರ ಅನುಕೂಲಕ್ಕೆ ಅವಳದನ್ನು ಒತ್ತೆಯಿಡಲು ಅವಳನ್ನು ಕೇಳಿದವರು ಯಾರು?

ಗುರುತು ಸಿಗದ ಚೀಟಿ ಬಂದರೆ ಏನು ಮಾಡುತ್ತೀಯೆ ಎಂದು ಹುಡುಗಿಯನ್ನು ಕೇಳಿದೆ. "ಒಳಗೇ ಕಳಿಸ್ತೀನಿ. ಮೀಟಿಂಗಿನಲ್ಲಿ ಬೈತಾರೆ" ಎಂದಳು.