ಹದ ಯಾರದು?

ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸು. ಕಾಕಾ ಔರಾದ ಕಡೆಯ ನಿವೃತ್ತ ಮಾಸ್ತರರು. ಪಕ್ಕದಲ್ಲಿ ಅಣ್ಣನ ಮಗಳು, ಬೀದರಿನಲ್ಲಿ ಜೈವಿಕ ತಂತ್ರಜ್ಞಾನ ಓದುವವಳು. ಆಮ್ಲವನ್ನು ಆಲ್ಡಿಹೈಡ್ ಮಾಡಿ ಅಲ್ಲಿಗೇ ನಿಲ್ಲುವ ಕಿಣ್ವವೊಂದರಿಂದ ಐಸ್‌ಕ್ರೀಮಿನ ವೆನಿಲಿನ್ ಆಗುತ್ತದೆಂದು ಅವಳು ಈಗಷ್ಟೇ ಹೇಳಿದ್ದಾಳೆ.

ಕಾಕಾ: ಆಮ್ಲ ಆಲ್ಡಿಹೈಡ್ ಆದರೇನು, ಆಲ್ಕೊಹಾಲ್ ತನಕ ಹೋದರೇನು? ಅರ್ಧಕ್ಕ ನಿಂತ ಕಿಣ್ವಕ್ಕ ಇಷ್ಟು ಹೊಗಳಿಕಿ ಯಾಕ?

ಮಗಳು: ನಿಲ್ಲೋದೇ ಕಷ್ಟ, ಕಾಕಾ. ಲ್ಯಾಬಿನಾಗ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಹಾಕಿದ್ರ ಆಮ್ಲ ಸೀದಾ ಆಲ್ಕೊಹಾಲ್ ಆಗ್ತದ. ಆಮ್ಲಕ್ಕಿಂತ ಆಲ್ಡಿಹೈಡೇ ಬೇಗ ಬದಲಾಗ್ತದ, ನಡುವ ಹಿಡಿಯೋದಾಗಂಗಿಲ್ಲ.

ಕಾಕಾ: ಗಾಣದಾಗ ಬೆಲ್ಲದ ಹದ ನೋಡಿ ಕಡಾಯಿ ಇಳಸ್ತಾರ. ಅಲ್ಲಿ ನೋಡೋನು ಒಬ್ಬ ಇರ್ತಾನ. ನಿನ್ನ ಕಿಣ್ವದಾಗ ಯಾರದಾರ?

ಮಗಳು: ಯಾರೂ ಇಲ್ಲ. ನೊಕಾರ್ಡಿಯಾ ಅಂತ ಮಣ್ಣಿನ ಬ್ಯಾಕ್ಟೀರಿಯಾ ಅದ, ಅದರ ಈ ಕಿಣ್ವಕ್ಕ ಮೂರು ಭಾಗ. ಮೊದಲನೇದು ಜೀವಕೋಶದ ಇಂಧನ ಎಟಿಪಿ ಖರ್ಚು ಮಾಡಿ ಜಡ ಆಮ್ಲವನ್ನ ಚುರುಕು ಮಾಡ್ತದ. ನಡುವಿನದಕ್ಕ ಉದ್ದನ ತೋಳು. ಆಮ್ಲವನ್ನ ಗಂಧಕದ ಕೊಂಡಿಗೆ ಸಿಗಿಸಿಕೊಂಡು ಮೂರನೇದಕ್ಕ ಒಯ್ತದ. ಅಲ್ಲಿ ಎನ್‌ಎಡಿಪಿಎಚ್ ಅನ್ನೋ ಅಣು ಒಂದು ಹೈಡ್ರೈಡ್ ಕೊಡ್ತದ, ಆಲ್ಡಿಹೈಡ್ ಕಳಚಿ ಬೀಳ್ತದ. ತೋಳು ಒಳಗಿದ್ದಾಗಷ್ಟೇ ಎನ್‌ಎಡಿಪಿಎಚ್ ಸರಿಯಾಗಿ ಕೂಡ್ತದ. ಕಳಚಿದ್ದಕ್ಕ ತೋಳಿಲ್ಲ, ಹಂಗಾಗಿ ಎರಡನೇ ಹೈಡ್ರೈಡ್ ಸಿಗಂಗಿಲ್ಲ. ಈ ಬಗೆಯ ಕಿಣ್ವದಾಗ ಒಂದೇ ಅಮೈನೋ ಆಮ್ಲ ಬದಲಿಸಿದ್ರ ಈ ತಡಿ ಮುರೀತದ ಅಂತ 2017ರಾಗ ತೋರಿಸ್ಯಾರ. ಹದ ತಿಳಿದವರು ಬೇಕಿಲ್ಲ, ಕಾಕಾ, ಆಕಾರದಾಗೇ ಹದ ಅದ.

ಕಾಕಾ: ಒಪ್ಪಿದೆ ಬಿಡು. ಅದರಿಂದ ವೆನಿಲಿನ್ ಆಗ್ತದ ಅಂದಿ. ಅಸಲಿಯೋ, ನಕಲಿಯೋ?

ಮಗಳು: ಅಣು ಒಂದೇ. ಜೋಳದ ತೌಡಿನಾಗ ಫೆರುಲಿಕ್ ಆಮ್ಲ ಅದ. ಸೂಕ್ಷ್ಮಜೀವಿಗಳು ಅದನ್ನ ವೆನಿಲಿಕ್ ಆಮ್ಲ ಮಾಡ್ತಾವ, ಈ ಕಿಣ್ವ ವೆನಿಲಿನ್ ಮಾಡ್ತದ. ಔರಾದದ ಜೋಳಕ್ಕೂ ಮಲೆನಾಡಿನ ವೆನಿಲಾ ಬಳ್ಳಿಗೂ ಇಷ್ಟೇ ದೂರ.

ಕಾಕಾ: ಕಿಣ್ವ ಆಲ್ಡಿಹೈಡಿಗೇ ನಿಂತಿತು. ಜೀವಕೋಶ ನಿಲ್ತದೇನು?

ಮಗಳು: ಇಲ್ಲ. ಆಲ್ಡಿಹೈಡ್ ಅದಕ್ಕ ವಿಷ. ಬ್ಯಾರೆ ಕಿಣ್ವಗಳು ಬಂದು ಆಲ್ಕೊಹಾಲ್ ಮಾಡಿಬಿಡ್ತಾವ. ಅದಕ್ಕ 2014ರಾಗ ಇ. ಕೋಲಿಯಿಂದ ಅಂಥ ಜೀನುಗಳನ್ನೇ ತೆಗೆದುಹಾಕಿದ್ರು.

ಕಾಕಾ: ಬದುಕಬೇಕಂತ ಅದು ಮುಂದ ಹೋಗ್ತದ, ಐಸ್‌ಕ್ರೀಮ್ ಬೇಕಂತ ನೀವು ತಡೀತೀರಿ. ಈಗ ಹೇಳು, ಹದ ಯಾರದು?

ಮಗಳು: ವಿಷ ಕೂಡೋಕಿಂತ ಮೊದಲು ಹೊರಗ ಎಳಕೊಂಡ್ರ ಅದೂ ಬದುಕ್ತದ.

ಕಾಕಾ: ಬದುಕ್ತದ ಅನ್ನೋದು ಅದರ ಲೆಕ್ಕವೋ, ನಿಮ್ಮ ಲೆಕ್ಕವೋ?