ನಾಲಗೆಗೆ ಬಂದ ಸಂಕಲ್ಪ

ನಲ್ವತ್ತೈದು ದಾಟಿದ ಒಬ್ಬರೊಡನೆ, ‘ಇನ್ನು ಮುಂದೆ ಏನು ಮಾಡಬೇಕೆಂದಿದ್ದೀರಿ?’ ಎಂದು ಕೇಳಿ ನೋಡಿ. ಹೆಚ್ಚಿನವರು ನಕ್ಕುಬಿಡುತ್ತಾರೆ. ‘ಇನ್ನೇನಿದೆ, ಮಕ್ಕಳು ಒಂದು ದಡ ಸೇರಿದರೆ ಸಾಕು’ ಎನ್ನುತ್ತಾರೆ. ಇದೇ ವ್ಯಕ್ತಿ ಇಪ್ಪತ್ತೆರಡರ ಹರೆಯದಲ್ಲಿ ಮಸೀದಿಯ ಜಗಲಿಯಲ್ಲಿ ಕುಳಿತು ಗೆಳೆಯರ ಮುಂದೆ ಏನೆಲ್ಲ ಹೇಳಿರಲಿಲ್ಲ! ಕುರ್‌ಆನನ್ನು ಅರ್ಥಸಹಿತ ಕಲಿಯುತ್ತೇನೆ, ಐದೇ ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳುತ್ತೇನೆ, ತಾಯಿಯನ್ನು ಹಜ್ಜ್‌ಗೆ ಕರೆದೊಯ್ಯುತ್ತೇನೆ ಎಂದೆಲ್ಲ ಹೇಳಿದ್ದರು. ಐದು ವರ್ಷ ಇಪ್ಪತ್ತಾಯಿತು. ತಾಯಿ ತೀರಿಹೋದರು. ಕುರ್‌ಆನ್ ಕಪಾಟಿನ ಮೇಲೆ ಬಟ್ಟೆ ಸುತ್ತಿಕೊಂಡು ಭದ್ರವಾಗಿದೆ. ಈಗ ಅವರು ಏನನ್ನೂ ಹೇಳುವುದಿಲ್ಲ. ಹೇಳಿ ಮಾಡದೆ ಹೋದ ಮಾತುಗಳು ಅವರ ಗಂಟಲಲ್ಲಿ ಕುಳಿತಿವೆ.

ಈ ಮೌನವನ್ನು ನಾವು ವಿನಯವೆಂದು ಕರೆಯುತ್ತೇವೆ, ಅನುಭವದ ಪಕ್ವತೆ ಎನ್ನುತ್ತೇವೆ. ಆದರೆ ಅದು ನಿಜವಾಗಿಯೂ ವಿನಯವೇ? ಅಥವಾ ಸೋಲನ್ನು ಒಪ್ಪಿಕೊಂಡ ಮನಸ್ಸು ಹೊದ್ದುಕೊಂಡ ಗೌರವದ ಶಾಲೇ? ತಾವು ಈ ವಯಸ್ಸಿನ ಹತ್ತಿರದಲ್ಲಿದ್ದರೆ ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ತಮ್ಮಲ್ಲೇ ಕೇಳಿಕೊಳ್ಳಬೇಕು.

ಪವಿತ್ರ ಕುರ್‌ಆನ್ ಮನುಷ್ಯನ ಒಂದು ವಯಸ್ಸನ್ನು ಅಂಕಿ ಸಮೇತ ಹೇಳಿ, ಆಗ ಅವನು ಏನನ್ನುತ್ತಾನೆಂದು ತಿಳಿಸಿದೆ. ಅದು ನಲ್ವತ್ತು (ಅಲ್-ಅಹ್‌ಕಾಫ್: 15). ಆ ಸೂಕ್ತವು ತಾಯಿ ಪಟ್ಟ ಕಷ್ಟದಿಂದ ಆರಂಭವಾಗುತ್ತದೆ: ನೋವಿನಿಂದ ಹೊತ್ತಳು, ನೋವಿನಿಂದ ಹೆತ್ತಳು, ಹೊತ್ತು ಹಾಲೂಡಿಸಿದ್ದು ಮೂವತ್ತು ತಿಂಗಳು. ಆ ಮಗು ಬೆಳೆದು ಪೂರ್ಣ ಶಕ್ತಿಯನ್ನು ಪಡೆದು ನಲ್ವತ್ತಕ್ಕೆ ತಲಪಿದಾಗ ತನ್ನ ಪ್ರಭುವಿನೊಡನೆ ಬೇಡುತ್ತಾನೆ. ತನಗೂ ತನ್ನ ಹೆತ್ತವರಿಗೂ ದೊರೆತ ಅನುಗ್ರಹಕ್ಕೆ ಕೃತಜ್ಞನಾಗಿರಲು, ಅಲ್ಲಾಹನು ಮೆಚ್ಚುವ ಸತ್ಕರ್ಮವೆಸಗಲು, ತನ್ನ ಸಂತತಿಯನ್ನು ಸಜ್ಜನರನ್ನಾಗಿ ಮಾಡಲು ಅವನು ಕೇಳಿಕೊಳ್ಳುತ್ತಾನೆ. ಗಮನಿಸಿ, ನಲ್ವತ್ತರವನು ಇಲ್ಲಿ ಎರಡು ತಲೆಮಾರುಗಳ ನಡುವೆ ನಿಂತಿದ್ದಾನೆ. ಹಿಂದೆ ಮುಪ್ಪಾದ ತಂದೆತಾಯಿ, ಮುಂದೆ ಬೆಳೆಯುತ್ತಿರುವ ಮಕ್ಕಳು. ಆದರೂ ಅವನು ತನ್ನನ್ನು ಮರೆತಿಲ್ಲ. ನಾನು ಒಳ್ಳೆಯ ಕೆಲಸ ಮಾಡಬೇಕು ಎಂಬ ಮಾತು ಆ ಎರಡರ ನಡುವೆ ಇದೆ. ‘ಮಕ್ಕಳು ದಡ ಸೇರಿದರೆ ಸಾಕು’ ಎಂಬಲ್ಲಿ ಅವನು ನಿಲ್ಲುವುದಿಲ್ಲ. ಮುಖ್ಯವಾಗಿ, ಅವನು ಮೌನವಾಗಿಲ್ಲ. ಅವನು ‘ಹೇಳುತ್ತಾನೆ’.

ಹಾಗಾದರೆ ನಾಲಗೆಗೇಕೆ ಈ ಭಯ? ಭಯಕ್ಕೆ ಕಾರಣವಿದೆ ಎಂಬುದನ್ನೂ ಒಪ್ಪಬೇಕು. ಮಾಡದಿರುವುದನ್ನು ಆಡುವವರನ್ನು ಕುರ್‌ಆನ್ ಕಠಿಣವಾಗಿ ಪ್ರಶ್ನಿಸಿದೆ (ಅಸ್ಸಫ್ಫ್: 2-3). ಅತ್ತೌಬ ಅಧ್ಯಾಯದಲ್ಲಿ (75-77) ಇನ್ನೂ ಗಂಭೀರವಾದ ಪ್ರಸಂಗವಿದೆ. ಕೆಲವರು ಅಲ್ಲಾಹನೊಡನೆ ಕರಾರು ಮಾಡಿದ್ದರು: ಅವನು ನಮಗೆ ಸಂಪತ್ತು ಕೊಟ್ಟರೆ ದಾನ ಮಾಡುವೆವು, ಸಜ್ಜನರಾಗುವೆವು. ಸಂಪತ್ತು ಬಂತು, ಕೈ ಮುಷ್ಟಿಯಾಯಿತು. ಪರಿಣಾಮವಾಗಿ ಅವರ ಹೃದಯಗಳಲ್ಲಿ ಕಾಪಟ್ಯ ಬೇರೂರಿತು. ಅಂದರೆ ಮುರಿದ ಮಾತು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಆಡಿದವನ ಒಳಗೆ ಬಂದು ಕುಳಿತು ಅವನನ್ನು ಬದಲಾಯಿಸುತ್ತದೆ.

ಇದನ್ನು ಓದಿ, ‘ಹಾಗಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ’ ಎನ್ನಬಹುದು. ಹ. ಅನಸ್ ಬಿನ್ ನಝ್ರ್(ರ) ಹಾಗೆ ಮಾಡಲಿಲ್ಲ. ಬದ್ರ್‌ನಲ್ಲಿ ಪಾಲ್ಗೊಳ್ಳಲಾಗದ ನೋವು ಅವರನ್ನು ಕೊರೆಯುತ್ತಿತ್ತು. ಇನ್ನೊಂದು ಅವಕಾಶವನ್ನು ಅಲ್ಲಾಹನು ಕೊಟ್ಟರೆ ತಾನೇನು ಮಾಡುವೆನೆಂಬುದನ್ನು ಅವನು ಕಾಣುವನು ಎಂದಷ್ಟೇ ಅವರು ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಅವರು ಅಂಜಿದರೆಂದು ಮುಸ್ಲಿಮ್‌ನ ವರದಿಯಲ್ಲಿದೆ. ಮುಂದಿನ ವರ್ಷ, ಹಿಜರಿ 3ರಲ್ಲಿ, ಉಹುದ್‌ನಲ್ಲಿ ಅವರು ಹುತಾತ್ಮರಾದಾಗ ದೇಹದಲ್ಲಿ ಎಂಬತ್ತಕ್ಕೂ ಮಿಕ್ಕಿದ ಗಾಯಗಳಿದ್ದವು. ಗುರುತು ಹಿಡಿದದ್ದು ಸಹೋದರಿ, ಅದೂ ಬೆರಳ ತುದಿಯಿಂದ. ನನಗೆ ಆ ಗಾಯಗಳಷ್ಟೇ ಆಶ್ಚರ್ಯ ತರಿಸುವುದು ಆ ಅಂಜಿಕೆ. ಅಷ್ಟು ದೊಡ್ಡ ಸಂಕಲ್ಪ ಇದ್ದವರು ಅಷ್ಟು ಚಿಕ್ಕ ಮಾತನ್ನಾಡಿದರು. ಆದರೆ ಆಡಿದರು! ಅವರ ಅಂಜಿಕೆ ಅವರನ್ನು ಮೌನಿಯಾಗಿಸಲಿಲ್ಲ, ಮಾತಿನ ಅಳತೆಯನ್ನು ಕಲಿಸಿತು.

ಸಂಕಲ್ಪದ ಸ್ಥಾನ ಹೃದಯ. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅದನ್ನು ಬಾಯಲ್ಲಿ ಉಚ್ಚರಿಸಬೇಕೇ ಎಂಬ ಬಗ್ಗೆ ನಮ್ಮ ಮಸೀದಿಗಳಲ್ಲಿ ಎಷ್ಟು ಚರ್ಚೆಗಳಾಗಿವೆಯೆಂಬುದು ತಮಗೆ ಗೊತ್ತು. ಅದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಆದರೆ ಉಚ್ಚಾರವನ್ನು ಒಪ್ಪಿದ ಶಾಫಿಈ ವಿದ್ವಾಂಸರು ಕೊಟ್ಟ ಕಾರಣ ಕುತೂಹಲಕರವಾದುದು: ನಾಲಗೆಯು ಹೃದಯಕ್ಕೆ ನೆರವಾಗಲಿ ಎಂದು. ಕರಾವಳಿಯ ಅನೇಕ ಮಸೀದಿಗಳಲ್ಲಿ ರಮಝಾನಿನ ರಾತ್ರಿ ನಾಳೆಯ ಉಪವಾಸದ ನಿಯ್ಯತ್ತನ್ನು ಇಮಾಮರು ಹೇಳಿಕೊಡುವಾಗ ಮುದುಕರೂ ಮಕ್ಕಳೂ ಒಟ್ಟಾಗಿ ಅದನ್ನು ಹೇಳುತ್ತಾರೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಅಂದು ಹೇಳಿದ್ದರಿಂದಲೇ ಮರುದಿನ ಮಧ್ಯಾಹ್ನ ನೀರಿನ ಕೊಡದ ಬಳಿಯಿಂದ ಹಿಂದೆ ಸರಿದಿರುತ್ತಾರೆ. ಇನ್ನು ಹಜ್ಜ್‌ನ ತಲ್ಬಿಯಾ. ಅಲ್ಲಂತೂ ಬಂದೆನೆಂಬ ಮಾತನ್ನು ದನಿಯೆತ್ತಿಯೇ ಹೇಳಬೇಕು.

ಈಗ ನಡುವಯಸ್ಸಿನ ಒಬ್ಬ ದೊಡ್ಡ ವ್ಯಕ್ತಿಯ ಬಳಿಗೆ ಹೋಗೋಣ. ಇಮಾಮ್ ಗಝಾಲಿ(ರ) ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರಲ್ಲಿ ತೂಸ್‌ನಲ್ಲಿ ಜನಿಸಿದರು. 1091ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಪ್ರಧಾನ ಗುರುಗಳಾದರು. ಮುನ್ನೂರು ವಿದ್ಯಾರ್ಥಿಗಳು ಅವರಿಂದ ಕಲಿಯುತ್ತಿದ್ದರು. ಆಸ್ಥಾನದಲ್ಲಿ ಮನ್ನಣೆಯಿತ್ತು. ಹೊರಗಿನಿಂದ ನೋಡುವವರಿಗೆ ಕೊರತೆಯೇ ಇರಲಿಲ್ಲ. ನಾಲ್ಕು ವರ್ಷಗಳ ಬಳಿಕ, ನಲ್ವತ್ತರ ಹೊಸ್ತಿಲಲ್ಲಿ, ಅವರು ತಮ್ಮ ಬೋಧನೆಯ ಉದ್ದೇಶವನ್ನೇ ಪರೀಕ್ಷಿಸಿಕೊಂಡರು. ಇದು ಅಲ್ಲಾಹನಿಗಾಗಿಯೇ? ಅಲ್ಲ, ಕೀರ್ತಿಗಾಗಿ ಎಂಬ ಉತ್ತರ ಸಿಕ್ಕಿತು. ಇದನ್ನು ಬೇರಾರೋ ಆರೋಪಿಸಿದ್ದಲ್ಲ, ತಮ್ಮ ‘ಅಲ್-ಮುನ್‌ಕಿಝ್ ಮಿನ ಝ್ಝಲಾಲ್’ ಕೃತಿಯಲ್ಲಿ ಅವರೇ ಬರೆದುಕೊಂಡದ್ದು.

ಹಿಜರಿ 488ರ ರಜಬ್ ತಿಂಗಳಿನಿಂದ ಸುಮಾರು ಆರು ತಿಂಗಳು ಅವರು ಹೊಯ್ದಾಡಿದರು. ಬೆಳಿಗ್ಗೆ ಹೊರಡುವ ನಿರ್ಧಾರ, ಸಂಜೆಗೆ ಅದರ ರದ್ದು. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ. ಓದುಗರೇ, ರಾಜೀನಾಮೆ ಪತ್ರವನ್ನು ಬರೆದು ಮೇಜಿನ ಡ್ರಾಯರಿನಲ್ಲಿಟ್ಟು ವರ್ಷ ಕಳೆದವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಅವರ ನಾಲಗೆಯೇ ಕಟ್ಟಿಹೋಯಿತು. ವಿದ್ಯಾರ್ಥಿಗಳ ಮನ ತಣಿಸಲೆಂದು ಪಾಠ ಹೇಳಲು ಕುಳಿತರೆ ಒಂದು ಪದವೂ ಹೊರಡಲಿಲ್ಲ. ಊಟ ರುಚಿಸಲಿಲ್ಲ, ನೀರೂ ಇಳಿಯಲಿಲ್ಲ. ರೋಗವು ಹೃದಯದ್ದು, ಚಿಂತೆ ಹೋದರೆ ಮಾತ್ರ ಗುಣವೆಂದು ವೈದ್ಯರು ಕೈಚೆಲ್ಲಿದರು. ಸಾವಿರ ವಿಷಯಗಳ ಬಗ್ಗೆ ಮಾತನಾಡಬಲ್ಲ ನಾಲಗೆಗೆ ಆಡಬೇಕಾಗಿದ್ದ ಒಂದೇ ಮಾತನ್ನು ಆಡಲಾಗಲಿಲ್ಲವೆಂದೇ ಅದು ಮುಷ್ಕರ ಹೂಡಿತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಬಳಿಕ ಅವರು ದಿಕ್ಕಿಲ್ಲದವನಂತೆ ಅಲ್ಲಾಹನ ಮೊರೆಹೊಕ್ಕರು. ಹೊರಡುವುದು ಸುಲಭವಾಯಿತು. ಮಕ್ಕಳ ಪಾಲನೆಗೆ ಬೇಕಾದಷ್ಟನ್ನು ಉಳಿಸಿ ಸಂಪತ್ತನ್ನು ಹಂಚಿದರು. ಜನರೊಡನೆ ಮಕ್ಕಾಕ್ಕೆ ಹೋಗುವೆನೆಂದರು. ಮನಸ್ಸಿನಲ್ಲಿದ್ದುದು ಸಿರಿಯಾ. ಬಗ್ದಾದಿಗೆ ಮರಳುವ ಉದ್ದೇಶವೇ ಇಲ್ಲವೆಂದು ತಿಳಿದರೆ ಖಲೀಫರೂ ಗೆಳೆಯರೂ ತಡೆಯುವರೆಂಬ ಅಂಜಿಕೆ. ಇದು ಸರಿಯೇ ಎಂದು ತಾವು ಕೇಳಬಹುದು. ಅವರು ಮುಂದೆ ಹಜ್ಜ್ ನಿರ್ವಹಿಸಿದ್ದು ನಿಜ. ಆದರೂ ಈ ಜಾಣತನವನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಅವರೇ ಅದನ್ನು ಮುಚ್ಚಿಡದೆ ಬರೆದಿದ್ದಾರಲ್ಲ, ಅಷ್ಟು ಸಾಕು. ನಾವು ಕಲಿಯಬೇಕಾದುದು ಮುಂದಿನ ಘಟನೆಯಿಂದ.

ಹಿಜರಿ 489ರಲ್ಲಿ ಅವರು ಹೆಬ್ರೋನಿನಲ್ಲಿ, ಪ್ರವಾದಿ ಇಬ್ರಾಹೀಮ್‌(ಅ)ರ ಸಮಾಧಿಯ ಬಳಿ, ಮೂರು ಪ್ರತಿಜ್ಞೆಗಳನ್ನು ಕೈಗೊಂಡರು: ಯಾವ ಸುಲ್ತಾನನ ಬಳಿಗೂ ಹೋಗೆನು, ಸುಲ್ತಾನನ ಹಣ ಪಡೆಯೆನು, ವಾಗ್ವಾದಕ್ಕಿಳಿಯೆನು. ಇವುಗಳಲ್ಲಿ ‘ನಾನು ಮಹಾನ್ ಭಕ್ತನಾಗುವೆನು’ ಎಂಬಂತಹ ಮಾತಿಲ್ಲ. ಮೂರೂ ಅಳೆಯಬಹುದಾದವು, ತಪ್ಪಿದರೆ ತಪ್ಪಿತೆಂದು ಅದೇ ದಿನ ತಿಳಿಯುವಂಥವು. ತಮ್ಮನ್ನು ಈ ಮೊದಲು ಎಡವಿಸಿದ ಮೂರು ಕಲ್ಲುಗಳ ಹೆಸರನ್ನೇ ಅವರು ಹೇಳಿದ್ದರು. ವರ್ಷಗಳ ನಂತರ ಸುಲ್ತಾನ್ ಸಂಜರ್‌ನ ಕರೆ ಬಂದಾಗ ಅದೇ ಪ್ರತಿಜ್ಞೆಯನ್ನು ನೆನಪಿಸಿ, ತಮ್ಮನ್ನು ಬಿಟ್ಟುಬಿಡುವಂತೆ ಪತ್ರ ಬರೆದರು. ಆಡಿಟ್ಟ ಮಾತು ಒತ್ತಡದ ಹೊತ್ತಿನಲ್ಲಿ ಊರುಗೋಲಾಯಿತು. ಮನಸ್ಸಿನಲ್ಲೇ ಇದ್ದಿದ್ದರೆ ಅದನ್ನು ತಿದ್ದಿಕೊಳ್ಳುವುದು ಎಷ್ಟು ಸುಲಭವಾಗಿತ್ತು!

1106ರಲ್ಲಿ ಅವರು ನಿಶಾಪುರದಲ್ಲಿ ಮತ್ತೆ ಬೋಧನೆಗೆ ಕುಳಿತರು. ಅದೇ ಕೆಲಸ, ಆದರೆ ಅದರ ನಿಯ್ಯತ್ತು ಬದಲಾಗಿತ್ತೆಂದು ಅವರೇ ಹೇಳುತ್ತಾರೆ. ಹಿಂದೆ ಕಲಿಸಿದ್ದು ಕೀರ್ತಿ ತರುವ ಜ್ಞಾನವನ್ನು, ಈಗ ಕೀರ್ತಿಯನ್ನು ತೊರೆಯಿಸುವ ಜ್ಞಾನವನ್ನು. ನಡುವಯಸ್ಸಿನಲ್ಲಿ ಬಲವೆಂದರೆ ಎಲ್ಲವನ್ನೂ ಬಿಟ್ಟು ಹೊಸದನ್ನು ಹಿಡಿಯುವುದೆಂದೇ ಇಲ್ಲ. ಹೆಚ್ಚಿನವರಿಗೆ ಅದೇ ಅಂಗಡಿಗೆ, ಅದೇ ಅಡುಗೆಮನೆಗೆ ಬೇರೆ ಮನಸ್ಸಿನಿಂದ ಮರಳುವುದೇ ಬಲ.

ಹೇಳುವುದಾದರೆ ಯಾರೊಡನೆ? ಇಲ್ಲಿ ನಾವು ಬಹಳ ಎಡವುತ್ತೇವೆ. ಪ್ರವಾದಿ ಯಾಕೂಬ್(ಅ) ತಮ್ಮ ಮಗನೊಡನೆ, ಕನಸನ್ನು ಸೋದರರಿಗೆ ತಿಳಿಸಬೇಡವೆಂದು ಎಚ್ಚರಿಸಿದರು. ಎಲ್ಲ ಕಿವಿಗಳೂ ಒಳಿತನ್ನು ಬಯಸುವ ಕಿವಿಗಳಲ್ಲ. ಮದುವೆಯ ಮನೆಯಲ್ಲಿ ಹತ್ತು ಮಂದಿಯ ಮುಂದೆ ‘ಈ ವರ್ಷ ಹಿಫ್ಝ್ ಆರಂಭಿಸುತ್ತಿದ್ದೇನೆ’ ಎಂದರೆ ‘ಮಾಶಾ ಅಲ್ಲಾಹ್’ ಎಂಬ ಹೊಗಳಿಕೆ ಅಲ್ಲೇ ಸಿಗುತ್ತದೆ. ಸಂಬಳ ಮುಂಗಡವಾಗಿ ಸಿಕ್ಕಿದ ಮೇಲೆ ದುಡಿಯುವವರೆಷ್ಟು? 2009ರಲ್ಲಿ ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರೂ ಸಂಗಡಿಗರೂ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಉದ್ದೇಶವನ್ನು ಇತರರು ಗಮನಿಸಿದರೆಂದು ತಿಳಿದವರು ಅದಕ್ಕಾಗಿ ಶ್ರಮಿಸಿದ್ದು ಕಡಿಮೆ. ಪ್ರದರ್ಶನಪ್ರಿಯತೆಯ ಬಗ್ಗೆ ಎಚ್ಚರಿಸುವ ನಮ್ಮ ಹಿರಿಯರಿಗೆ ಇದೇನೂ ಹೊಸ ಸುದ್ದಿಯಲ್ಲ.

ಅದೇ ವೇಳೆ ಪ್ರವಾದಿ ಮೂಸಾ(ಅ)ರನ್ನು ನೋಡಿ. ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಅವರು ಮೊದಲು ಕೇಳಿದ್ದರಲ್ಲಿ ನಾಲಗೆಯ ಗಂಟು ಬಿಚ್ಚುವಂತೆ ಎಂಬುದೂ ಇತ್ತು, ಮನೆಯವನೇ ಆದ ಸೋದರ ಹಾರೂನ್(ಅ) ಜೊತೆಗಿರಲಿ ಎಂಬುದೂ ಇತ್ತು. ಪ್ರವಾದಿವರ್ಯರು(ಸ) ನಲ್ವತ್ತರ ವಯಸ್ಸಿನಲ್ಲಿ ಹಿರಾ ಗುಹೆಯಿಂದ ನಡುಗುತ್ತ ಬಂದು ತಮ್ಮ ಭಯವನ್ನು ಹೇಳಿಕೊಂಡದ್ದು ಹ. ಖದೀಜರೊಡನೆ(ರ). ಊರಿಗೆ ಸಾರುವ ದಿನ ಅನಂತರ ಬಂತು. ಭಾರ ಹೊರಲು ಸಿದ್ಧರಿರುವ ಒಬ್ಬರೊಡನೆ ಹೇಳುವುದಕ್ಕೂ ಚಪ್ಪಾಳೆ ತಟ್ಟುವ ನೂರು ಮಂದಿಗೆ ಹೇಳುವುದಕ್ಕೂ ಇರುವ ಅಂತರ ಇದು. ತಾವು ತಮ್ಮ ಪತ್ನಿಯೊಡನೆ ಅಥವಾ ಪತಿಯೊಡನೆ ಖರ್ಚುವೆಚ್ಚ ಬಿಟ್ಟು ಬೇರೆ ಉದ್ದೇಶಗಳನ್ನು ಮಾತನಾಡಿ ಎಷ್ಟು ಕಾಲವಾಯಿತು?

ಇನ್ನು ‘ಇನ್ ಶಾ ಅಲ್ಲಾಹ್’. ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನಿಚ್ಛೆಯನ್ನು ಸೇರಿಸಬೇಕೆಂದು ಅಲ್-ಕಹ್ಫ್ ಅಧ್ಯಾಯ (23-24) ಕಲಿಸಿದೆ. ಪ್ರವಾದಿವರ್ಯರು(ಸ) ಪ್ರಶ್ನೆಯೊಂದಕ್ಕೆ ನಾಳೆ ಉತ್ತರಿಸುವೆನೆಂದು ಅದನ್ನು ಸೇರಿಸದೆ ಹೇಳಿದಾಗ ದಿವ್ಯವಾಣಿ ತಡವಾಯಿತೆಂದು ವ್ಯಾಖ್ಯಾನಕಾರರು ಉಲ್ಲೇಖಿಸುತ್ತಾರೆ. ಅಷ್ಟು ತೂಕದ ಮಾತನ್ನು ನಾವು ಏನು ಮಾಡಿದ್ದೇವೆ? ಸಾಲಗಾರನನ್ನು ಸಾಗಹಾಕಲು, ಆಗದೆಂದು ನೇರವಾಗಿ ಹೇಳುವ ಧೈರ್ಯವಿಲ್ಲದಾಗ ಬಳಸುವ ಪದವಾಗಿಸಿದ್ದೇವೆ. ಅದೇ ಸೂಕ್ತದ ಮುಂದಿನ ಭಾಗವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಮರೆತರೆ ನಿನ್ನ ಪ್ರಭುವನ್ನು ಸ್ಮರಿಸು, ಇದಕ್ಕಿಂತಲೂ ಸರಿಯಾದುದರೆಡೆಗೆ ಅವನು ದಾರಿ ತೋರಬಹುದೆಂದು ಹೇಳು ಎಂಬ ಆಶಯ ಅಲ್ಲಿದೆ. ತಾಯಿಯನ್ನು ಹಜ್ಜ್‌ಗೆ ಕರೆದೊಯ್ಯಲಾಗದೆ ಹೋದವನಿಗೆ ಅದರಲ್ಲೊಂದು ಬಾಗಿಲಿದೆ. ತಾಯಿಯ ಪರವಾಗಿ ಹಜ್ಜ್ ಮಾಡಬಹುದೆಂದು ಪ್ರವಾದಿವರ್ಯರು(ಸ) ಮಹಿಳೆಯೊಬ್ಬರಿಗೆ ಅನುಮತಿ ನೀಡಿದ್ದರು. ಆಕೆಯ ತಾಯಿ ಹರಕೆ ಹೊತ್ತು ಈಡೇರಿಸುವ ಮೊದಲೇ ತೀರಿಹೋಗಿದ್ದರು.

ನನಗೆ ಪರಿಚಯವಿರುವ ಒಂದು ಮನೆಯಲ್ಲಿ ತಾಯಿಗೆ ಈಗ ನಲ್ವತ್ತಮೂರು. ಶಾಲೆ ಐದನೆಯ ತರಗತಿಗೇ ನಿಂತುಹೋಗಿತ್ತು. ಕಳೆದ ರಮಝಾನ್ ಮುಗಿದ ವಾರ ಆಕೆ ಹಿರಿಯ ಮಗಳೊಡನೆ, ಅಡುಗೆಮನೆಯಲ್ಲೇ, ‘ಕುರ್‌ಆನಿನ ಕನ್ನಡ ಅನುವಾದವನ್ನು ದಿನಕ್ಕೆ ಐದು ಸೂಕ್ತದಂತೆ ಓದಬೇಕೆಂದಿದ್ದೇನೆ, ಇನ್ ಶಾ ಅಲ್ಲಾಹ್’ ಎಂದರು. ಬೇರೆ ಯಾರಿಗೂ ಹೇಳಲಿಲ್ಲ. ಮಗಳು ದಿನವೂ ಇಶಾ ನಮಾಝಿನ ಬಳಿಕ ಕೇಳುತ್ತಾಳೆ. ಒಮ್ಮೊಮ್ಮೆ ಉತ್ತರ ಐದು, ಒಮ್ಮೊಮ್ಮೆ ಎರಡು. ಅತ್ತೆ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನ ಒಂದೂ ಇಲ್ಲ. ಆ ದಿನಗಳಲ್ಲೂ ಮಗಳು ಕೇಳಿದಳು, ತಾಯಿ ‘ಇವತ್ತು ಇಲ್ಲ’ ಎಂದು ಬಾಯಿಬಿಟ್ಟೇ ಹೇಳಿದರು. ಹದಿನೆಂಟನೆಯ ರಾತ್ರಿ ಮೂರು ಸೂಕ್ತ ಓದಿದರಂತೆ. ಈಗ ಆಲಿ ಇಮ್ರಾನ್ ಅಧ್ಯಾಯದ ನಡುವಿನಲ್ಲಿದ್ದಾರೆ.