ಕಚೇರಿಯ ಜಾಲಕ್ಕೊಂದು ಸ್ವಂತ ಹೆಸರು

'ಇಂಟರ್‌ನೆಟ್ ಬರ್ತಿದೆ, ಸರ್ವರ್ ಮಾತ್ರ ಸಿಗ್ತಿಲ್ಲ.' ಸಣ್ಣ ಕಚೇರಿಗಳಲ್ಲಿ ಈ ದೂರು ಎದ್ದ ಕೂಡಲೇ ಕೇಬಲ್ ಕಿತ್ತು ಹಾಕುತ್ತಾರೆ, ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಮುನ್ನ ಸರ್ವರಿನ ಐಪಿ ಅಂಕಿಗಳನ್ನೇ ಟೈಪ್ ಮಾಡಿ ನೋಡಬೇಕು. ಅಂಕಿಗೆ ಓಗೊಡುವ ಸರ್ವರ್ ಹೆಸರಿಗೆ ಓಗೊಡದಿದ್ದರೆ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ತೊಡಕಿದೆ ಎಂದರ್ಥ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆಯಿದು.

ಎಲ್ಲ ಕಂಪ್ಯೂಟರುಗಳ ಲಾಗಿನ್ ಒಂದೇ ಸರ್ವರಿನ ಹಿಡಿತದಲ್ಲಿರುವ, ಅಂದರೆ ವಿಂಡೋಸ್ ಡೊಮೇನ್ ಇರುವಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ. ಕಂಪ್ಯೂಟರುಗಳ ಡಿಎನ್‌ಎಸ್ ಪಟ್ಟಿಯಲ್ಲಿ ಮೊದಲು ಕಚೇರಿಯ ಸರ್ವರ್, ಅದರ ಕೆಳಗೆ 'ಇರಲಿ' ಎಂದು ಗೂಗಲ್‌ನ 8.8.8.8. ಮೊದಲಿನದು ಕೊಂಚ ತಡಮಾಡಿದರೂ ಸಾಕು, ಕಂಪ್ಯೂಟರ್ ಎರಡನೆಯದನ್ನು ಕೇಳುತ್ತದೆ. ಒಳಗಿನ ಹೆಸರು ಹೊರಗಿನವರಿಗೇನು ಗೊತ್ತು? 'ಅಂಥ ಹೆಸರೇ ಇಲ್ಲ' ಎಂಬ ಉತ್ತರ ಬರುತ್ತದೆ. ಕಂಪ್ಯೂಟರ್ ಅದನ್ನೇ ನಂಬುತ್ತದೆ, ಮತ್ತೆ ಮೊದಲಿನದನ್ನು ಕೇಳುವುದಿಲ್ಲ. ಒಂದು ಸಲ ಬಂದು ಒಂದು ಸಲ ಬಾರದ ಕಾಟಕ್ಕೆ ಎಷ್ಟೋ ವೇಳೆ ಇದೇ ಮೂಲ. ಕಂಪ್ಯೂಟರುಗಳು ಒಳಗಿನ ಸರ್ವರನ್ನಷ್ಟೇ ಕೇಳಲಿ; ಹೊರಗಿನ ಹೆಸರುಗಳನ್ನು ಆ ಸರ್ವರೇ ವಿಚಾರಿಸಿಕೊಡಲಿ. ಎರಡನೆಯದು ಬೇಕೇಬೇಕೆಂದರೆ ಅದೂ ಒಳಗೇ ಇರಲಿ.

ಇದು ಸುಲಭದ ದುರಸ್ತಿ. ಜಾಲಕ್ಕೆ ತಮ್ಮದಲ್ಲದ ಹೆಸರಿಟ್ಟ ತಪ್ಪು ಮಾತ್ರ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಹಿಂದೆ ಬಹಳ ಕಡೆ 'ಡಾಟ್ ಲೋಕಲ್' ಎಂದು ಇಡುತ್ತಿದ್ದರು. 2013ರಲ್ಲಿ ಅದು ಸರ್ವರಿಲ್ಲದೆ ಸಾಧನಗಳು ಒಂದನ್ನೊಂದು ಹುಡುಕುವ ಪದ್ಧತಿಗೆ ಮೀಸಲಾಯಿತು. 'ಕಾರ್ಪ್' ಎಂದಿಟ್ಟುಕೊಂಡವರ ಪಾಡು ಇನ್ನೂ ಕೆಟ್ಟದ್ದು. ಅವರ ಲ್ಯಾಪ್‌ಟಾಪುಗಳು ಕಚೇರಿಯಿಂದ ಆಚೆ ಹೋದಾಗ ಬೇರೆಯವರ 'ಕಾರ್ಪ್ ಡಾಟ್ ಕಾಮ್' ವಿಳಾಸಕ್ಕೆ ಲಾಗಿನ್ ವಿವರಗಳನ್ನು ಕಳಿಸುತ್ತಿದ್ದವು. ಕೊನೆಗೆ 2020ರಲ್ಲಿ ಮೈಕ್ರೋಸಾಫ್ಟ್ ಆ ಹೆಸರನ್ನೇ ಕೊಂಡುಕೊಂಡಿತು. ಸಣ್ಣ ಕಚೇರಿಗೆ ಅಂಥ ಶಕ್ತಿ ಎಲ್ಲಿಂದ ಬರಬೇಕು?

ಹೊಸದಾಗಿ ಜಾಲ ಹಾಕಿಸುವವರಲ್ಲಿ ಒಂದು ಕೋರಿಕೆ. ಸಂಸ್ಥೆಯ ಹೆಸರಿನಲ್ಲೇ ಡೊಮೇನ್ ನೋಂದಾಯಿಸಿ, ಅದರಡಿ ಒಂದು ಉಪಹೆಸರನ್ನು ಒಳಜಾಲಕ್ಕೆ ಇಟ್ಟುಕೊಳ್ಳಿ. ಅದು ಬೇಡವೆಂದರೆ, ಖಾಸಗಿ ಜಾಲಗಳಿಗೆಂದೇ ಇಂಟರ್‌ನೆಟ್ ಹೆಸರುಗಳ ಮೇಲ್ವಿಚಾರಣೆಯ ಸಂಸ್ಥೆ ಐಕ್ಯಾನ್ 2024ರಲ್ಲಿ ತೆಗೆದಿರಿಸಿದ 'ಡಾಟ್ ಇಂಟರ್ನಲ್' ಇದೆ. ಡೊಮೇನ್ ನೋಂದಾಯಿಸಿದ್ದರೆ ಆ ನೋಂದಣಿ, ಅದರ ಪಾಸ್‌ವರ್ಡ್ ಎರಡೂ ಕಂಪ್ಯೂಟರ್ ರಿಪೇರಿಯವರ ಬಳಿಯಲ್ಲ, ನಿಮ್ಮ ಬಳಿಯೇ ಇರಲಿ.